ಹೊಡೆಸಿಕೊಳ್ಳುವ ಕೆಲಸ

ಮಂಡ್ಯ ಸೀಮೆಯ ತೊಣ್ಣೂರಿಗೆ ಭಾನುವಾರ ಬರುವವರಿಗೆ ಕೆರೆಯೊಂದೇ ಸಾಕು. ನೀರಿಗಿಳಿಯುತ್ತಾರೆ, ಫೋಟೊ ಹೊಡೆಯುತ್ತಾರೆ, ಏರಿಯ ಮೇಲೆ ಚುರುಮುರಿ ತಿಂದು ಕಾಗದವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಗುಡಿಗಳ ಕಡೆ ತಿರುಗುವವರು ಕಡಿಮೆ. ತಿರುಗಿದವರಿಗೆ ಯೋಗಾನರಸಿಂಹನ ಸನ್ನಿಧಿಯಲ್ಲಿ ಯಾರಾದರೊಬ್ಬರು ಆ ಹಳೆಯ ಕಥೆ ಹೇಳದೆ ಬಿಡುವುದಿಲ್ಲ. 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿಗೆ ಬಂದಿದ್ದಾಗ ಸಾವಿರ ಮಂದಿ ಜೈನ ಪಂಡಿತರು ವಾದಕ್ಕೆ ನಿಂತರಂತೆ. ಒಬ್ಬೊಬ್ಬರಾಗಿ ಅಲ್ಲ, ಸಾವಿರ ಜನವೂ ಒಟ್ಟಿಗೇ ಪ್ರಶ್ನೆ ಎಸೆದರಂತೆ. ಆಚಾರ್ಯರು ಅಡ್ಡ ಪರದೆ ಕಟ್ಟಿಸಿ, ಅದರ ಹಿಂದೆ ಆದಿಶೇಷನಾಗಿ, ಸಾವಿರ ಬಾಯಿಂದ ಸಾವಿರ ಜನಕ್ಕೂ ಒಂದೇ ಹೊತ್ತಿಗೆ ಉತ್ತರ ಕೊಟ್ಟರಂತೆ. ಇದು ಒಂದು ಕಡೆಯವರು ಹೇಳುವ ಕಥೆ. ವಾದದ ಆ ಕಡೆ ಕೂತಿದ್ದವರನ್ನು ಕೇಳಿದ್ದರೆ ಬೇರೆ ಕಥೆಯೇ ಹುಟ್ಟುತ್ತಿತ್ತು. ಪವಾಡಗಳನ್ನು ಗೆದ್ದವರೇ ಬರೆದಿಡುವುದು ಲೋಕರೂಢಿ.

ಈ ಕಥೆಯನ್ನು ನನ್ನ ತಂಗಿಯ ಮಗನಿಗೆ ಹೇಳಿದೆ. ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವ ಹುಡುಗ. ರಾತ್ರಿಯಾದರೆ ಕಿವಿಗೆ ಹೆಡ್‌ಫೋನ್ ಏರಿಸಿ ಆಟಕ್ಕೆ ಕೂರುತ್ತಾನೆ. ಕಥೆ ಕೇಳಿದವನು ಭಕ್ತಿಯಿಂದ ಕೈ ಮುಗಿಯುತ್ತಾನೆ ಅಂದುಕೊಂಡರೆ, “ಅಂಗಾದ್ರೆ ಆಚಾರ್ಯರು ಭಾರಿ ಟ್ಯಾಂಕು ಕಣ್ ಮಾವ. ಸಾವಿರ ಜನದ ಅಗ್ರೋನೂ ಒಬ್ರೇ ಎಳ್ಕಂಡವ್ರೆ!” ಅಂದ.

ಊರಿನ ಹೈಸ್ಕೂಲುಗಳಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತನಾದವನು ನಾನು. ಹೊಯ್ಸಳರು, ಹೈದರಾಲಿ ಅಂದರೆ ಗೊತ್ತು. ಅಗ್ರೋ ಅಂದರೆ ಗೊಬ್ಬರದ ಅಂಗಡಿಯ ಬೋರ್ಡಿನಲ್ಲಿ ಓದಿದ್ದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಬಿಡುವು ಹೇಗೂ ಬೇಕಾದಷ್ಟಿದೆ, ಒಂದು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ. ಕೂತಮೇಲೆ ತಿಳಿಯಿತು, ಇದು ನಮ್ಮ ಸೀಮೆಗೆ ಹೊಸ ವಿದ್ಯೆಯೇನೂ ಅಲ್ಲ.

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಲ್ಲಿ ಬಂದದ್ದು, ಅದಕ್ಕೂ ಮೊದಲು 1999ರ ಎವರ್‌ಕ್ವೆಸ್ಟ್ ಎಂಬ ಆಟ ಈ ಪದ್ಧತಿಗೆ ದಾರಿ ಹಾಕಿತ್ತಂತೆ. 2019ರಲ್ಲಿ ಕಂಪನಿಯವರು ಹಳೆಯ ಆಟವನ್ನೇ ಕ್ಲಾಸಿಕ್ ಎಂದು ಮತ್ತೆ ಬಿಟ್ಟರು. ನಮ್ಮ ಹುಡುಗ ಆಡುವುದು ಅದನ್ನೇ. ಇದರಲ್ಲಿ ಡಂಜನ್ ಎಂಬ ಗವಿಗಳಿವೆ. ಐದು ಜನ ಸೇರಿದರೇನೇ ಒಳಗೆ ಹೋಗಿ ಬದುಕಿ ಬರಲು ಸಾಧ್ಯ. ಮೂವರದು ಹೊಡೆಯುವ ಕೆಲಸ, ಅವರಿಗೆ ಡಿಪಿಎಸ್ ಅನ್ನುತ್ತಾರೆ. ಒಬ್ಬರು ಗಾಯ ಮಾಯಿಸುವ ಹೀಲರ್. ಇನ್ನೊಬ್ಬ ಟ್ಯಾಂಕು. “ನಂದು ಹೊಡಿಯೋ ಕೆಲ್ಸ ಅಲ್ಲ ಮಾವ, ಹೊಡಿಸ್ಕಳೋ ಕೆಲ್ಸ” ಅಂತ ಅವನ ವಿವರಣೆ. ಗವಿಯಲ್ಲಿ ಎಷ್ಟು ರಾಕ್ಷಸರಿದ್ದರೂ ಅಷ್ಟೂ ಜನದ ಸಿಟ್ಟು ಇವನೊಬ್ಬನ ಮೇಲಿರಬೇಕು. ಆ ಸಿಟ್ಟಿಗೇ ಅಗ್ರೋ ಅನ್ನುವುದು.

ಮೈಮೇಲೆ ಕಬ್ಬಿಣ ಹೊದ್ದು ಎದುರಿಗೆ ನಿಂತರೆ ಸಿಟ್ಟು ತಾನಾಗಿ ಬರುತ್ತದಲ್ಲ ಅಂದೆ. ನಕ್ಕ. ರಾಕ್ಷಸ ಅಷ್ಟು ದಡ್ಡನಲ್ಲವಂತೆ. ತನಗೆ ಯಾರು ಎಷ್ಟು ಕಾಟ ಕೊಟ್ಟರು ಎಂಬ ಲೆಕ್ಕವನ್ನು ಪ್ರತಿ ರಾಕ್ಷಸನೂ ಇಟ್ಟಿರುತ್ತಾನೆ. ಹೊಡೆದರೆ ಹೊಡೆದಷ್ಟು ಲೆಕ್ಕ ಏರುತ್ತದೆ. ಗಾಯ ಮಾಯಿಸಿದರೂ ಏರುತ್ತದೆ, ಆದರೆ ಅರ್ಧದಷ್ಟು. ಅದೂ ಎದುರಿರುವ ರಾಕ್ಷಸರಿಗೆಲ್ಲ ಹಂಚಿಹೋಗುತ್ತದೆ. ಟ್ಯಾಂಕಿನ ಲೆಕ್ಕ 100 ಇದ್ದಾಗ ಪಕ್ಕದಲ್ಲಿ ನಿಂತು ಕತ್ತಿ ಬೀಸುವವನದು 110 ದಾಟಿದರೆ ರಾಕ್ಷಸ ಅವನ ಕಡೆ ತಿರುಗುತ್ತಾನೆ. ದೂರದಿಂದ ಬಾಣವನ್ನೋ ಮಂತ್ರವನ್ನೋ ಬಿಡುವವನಿಗೆ 130ರ ತನಕ ವಿನಾಯಿತಿ. ಅವರು ತೊಟ್ಟಿರುವುದು ಬಟ್ಟೆ, ತೊಗಲು. ರಾಕ್ಷಸ ತಿರುಗಿದನೆಂದರೆ ಎರಡೇ ಏಟು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಆರು ರಾಕ್ಷಸರು ಬಂದಾಗ ಟ್ಯಾಂಕು ಐವರನ್ನು ಕೆಣಕಿ ಒಬ್ಬನನ್ನು ಮರೆತ ಅನ್ನಿ. ಆ ಆರನೆಯವನ ಲೆಕ್ಕದಲ್ಲಿ ಟ್ಯಾಂಕಿನ ಹೆಸರಿಗೆ ಏನೂ ಇಲ್ಲ, ಹೀಲರಿನ ಹೆಸರಿಗೆ ಮಾತ್ರ ಚೂರುಪಾರು ಬಿದ್ದಿರುತ್ತದೆ. ಅವನು ಸೀದಾ ಆ ಕಡೆಗೇ ಹೋಗುತ್ತಾನೆ. ಗಾಯ ಮಾಯಿಸುತ್ತಿದ್ದವರೇ ಸತ್ತಮೇಲೆ ಮಿಕ್ಕ ನಾಲ್ವರು ಎಷ್ಟು ಹೊತ್ತು ನಿಂತಾರು? ಹಾಗಾಗಿ ಟ್ಯಾಂಕು ನೋಡಬೇಕಾದ್ದು ತನ್ನನ್ನು ಹೊಡೆಯುತ್ತಿರುವವರನ್ನಲ್ಲ, ಹೊಡೆಯದೆ ಇರುವವರನ್ನು. ನಮ್ಮ ಹುಡುಗನ ಕಣ್ಣು ಎದುರಿನ ರಾಕ್ಷಸನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ತೆರೆಯ ಎಡಮೂಲೆಯಲ್ಲಿ ಜೊತೆಗಾರರ ಜೀವ ತೋರಿಸುವ ನಾಲ್ಕು ಪಟ್ಟಿ, ಬೆನ್ನ ಹಿಂದಿನ ಬಾಗಿಲು, ಹೀಲರಿನ ನೀಲಿ ಪಟ್ಟಿಯಲ್ಲಿ ಮಂತ್ರಶಕ್ತಿ ಎಷ್ಟು ಉಳಿದಿದೆ, ಮತ್ತೆ ಹಿಂದೆ. ಹೊಲಕ್ಕೆ ನೀರು ಕಟ್ಟುವಾಗ ಇಷ್ಟು ನಿಗಾ ಇದ್ದಿದ್ದರೆ ಅವನಪ್ಪ ಪುಣ್ಯವಂತ ಅನ್ನಿಸಿತು. ಅವನಪ್ಪ ಆ ಹೊತ್ತಿಗೆ ತ್ರೀ ಫೇಸ್ ಕರೆಂಟು ಬಂತೆಂದು ಟಾರ್ಚ್ ಹಿಡಿದು ಕಬ್ಬಿನ ಗದ್ದೆಯ ಕಡೆ ಹೊರಟಿದ್ದರು.

ನಾನು ನೋಡಿದ್ದು ಡೆಡ್‌ಮೈನ್ಸ್ ಎಂಬ ಗವಿ. ಕಳ್ಳರ ಗುಂಪೊಂದು ಹಳೆಯ ಗಣಿಯೊಳಗೆ ಹಡಗು ಕಟ್ಟಿಕೊಂಡಿದೆ. ಹೀಲರ್ ಆಗಿದ್ದವಳು ಜರ್ಮನಿಯಲ್ಲಿ ಓದುತ್ತಿರುವ ಮೈಸೂರಿನ ಹುಡುಗಿ, ಉಳಿದ ಮೂವರು ಬೆಂಗಳೂರಿನವರು. ಮಾತು ಕನ್ನಡದಲ್ಲೇ, ನಡುನಡುವೆ ಆಟದ ಇಂಗ್ಲಿಷು. ಸರ್ವರ್ ಇರುವುದು ಯೂರೋಪಿನಲ್ಲಿ. ಇವನು ಒತ್ತಿದ ಕೀಲಿಯ ಸುದ್ದಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕಳೆದಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದು ಏಟು ಬೀಳುವ ಮೊದಲೇ ಗುರಾಣಿ ಎತ್ತಬೇಕು.

ಒಂದು ತಿರುವಿನಲ್ಲಿ ನಾಲ್ವರು ಕಾವಲಿನವರು. ಇಬ್ಬರು ಕತ್ತಿಯವರು, ಇಬ್ಬರು ದೂರದಿಂದ ಮಂತ್ರ ಬಿಡುವವರು. ಕತ್ತಿಯವರು ಕರೆದರೆ ಬರುತ್ತಾರೆ, ಮಂತ್ರದವರು ಬರುವುದಿಲ್ಲ. ನಿಂತಲ್ಲಿಂದಲೇ ಬೆಂಕಿ ಉಗುಳುತ್ತಾರೆ. ನಾನಾಗಿದ್ದರೆ ಅವರ ಹತ್ತಿರಕ್ಕೇ ಓಡುತ್ತಿದ್ದೆ. ಇವನು ಮಾಡಿದ್ದೇ ಬೇರೆ. ದೂರದಿಂದ ಒಂದು ಬಾಣ ಬಿಟ್ಟ, ಮರುಕ್ಷಣ ಹಿಂದೆ ಓಡಿ ಕಲ್ಲುಗೋಡೆಯ ಮರೆಗೆ ನಿಂತುಬಿಟ್ಟ. “ಯಾರೂ ಮುಟ್ಬೇಡಿ, ಬರ್ಲಿ, ಬರ್ಲಿ” ಅಂತ ಮೈಕಿನಲ್ಲಿ ಹೇಳುತ್ತಿದ್ದ. ಕಾಣದವನ ಮೇಲೆ ಮಂತ್ರ ಹಾಕುವುದು ಹೇಗೆ? ಆ ಇಬ್ಬರೂ ಬೇರೆ ದಾರಿ ಇಲ್ಲದೆ ಮೂಲೆ ತಿರುಗಿ ಬಂದರು. ನಾಲ್ವರೂ ಒಂದೇ ಕಡೆ ಒತ್ತಾದ ಮೇಲೆ ಎಲ್ಲರಿಗೂ ಒಂದೊಂದು ಕೊಟ್ಟು, ಒಬ್ಬನ ತಲೆಯ ಮೇಲೆ ತಲೆಬುರುಡೆಯ ಗುರುತು ಹಾಕಿ “ಇವನ್ನ ಮೊದ್ಲು” ಅಂದ. ಓಡದೆ, ಕಿರುಚದೆ ಕೆಲಸ ಮುಗಿಯಿತು. ಅಲ್ಲಿ ಸಾಯುವ ಸ್ಥಿತಿಗೆ ಬಂದ ಕಳ್ಳ ಓಡಿಹೋಗುತ್ತಾನೆ, ಹೋಗಿ ಪಕ್ಕದ ಗುಂಪನ್ನು ಎಬ್ಬಿಸಿಕೊಂಡು ಬರುತ್ತಾನೆ. ಹಾಗಾಗಿ ಜೀವ ತೀರ ಇಳಿದವನನ್ನು ಓಡಲು ಬಿಡಬಾರದು. ಮೊದಲ ದೊಡ್ಡ ರಾಕ್ಷಸ ಬಿದ್ದ ಮೇಲೆ, ನೀವು ಬಂದ ದಾರಿಯಿಂದಲೇ, ಬೆನ್ನ ಹಿಂದೆ ಗಸ್ತಿನವರು ಬರುತ್ತಾರೆ. ಎಲ್ಲರೂ ಗೆದ್ದ ಖುಷಿಯಲ್ಲಿ ಬಿದ್ದ ಸಾಮಾನು ಹಂಚಿಕೊಳ್ಳುತ್ತಿದ್ದಾಗ ಇವನೊಬ್ಬ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.

ಚರಿತ್ರೆ ಮೇಷ್ಟ್ರ ಮನಸ್ಸು ಸುಮ್ಮನೆ ಇರುತ್ತದೆಯೇ? ಹೊಡೆಸಿಕೊಳ್ಳುವ ಕೆಲಸ ಅಂದಕೂಡಲೇ ಮೊದಲು ಅಭಿಮನ್ಯು ನೆನಪಾದ. ಪಾಂಡವಪುರ ಎಂಬ ಹೆಸರಿನ ಸೀಮೆ, ಎದುರಿಗೆ ಕುಂತಿಬೆಟ್ಟ, ಬೇರೆ ಯಾರು ನೆನಪಾಗಬೇಕು? ಚಕ್ರವ್ಯೂಹದೊಳಗೆ ಹೋಗುವುದನ್ನು ಬಲ್ಲ, ಬರುವುದನ್ನು ಅರಿಯ. ಶೌರ್ಯದಲ್ಲಿ ಒಂದು ಗುಲಗಂಜಿ ಕಡಿಮೆ ಇರಲಿಲ್ಲ. ಆದರೆ ಹುಡುಗ ಓಡಿದ ವೇಗಕ್ಕೆ ಹಿಂದಿದ್ದ ಭೀಮ ಧರ್ಮರಾಯರು ಒಳಗೆ ಬರುವ ಮುಂಚೆಯೇ ಸೈಂಧವ ಬಾಗಿಲು ಕಟ್ಟಿದ. ನಮ್ಮ ಹುಡುಗನಿಗೆ ಹೇಳಿದರೆ ತಲೆಯಾಡಿಸಿದ: “ಹೀಲರ್ ಆಚೆ ಉಳ್ದೋದ್ರೆ ಅಷ್ಟೇಯ. ಎಂಥಾ ಟ್ಯಾಂಕಾದ್ರೂ ಡಮಾರ್.” ಮಹಾಭಾರತದ ಈ ಪ್ರಸಂಗಕ್ಕೆ ಕಣ್ಣೀರು ಹಾಕುವ ಬದಲು ನಡಿಗೆಯ ವೇಗದ ಪಾಠ ಕಲಿತ ಮೊದಲ ವ್ಯಕ್ತಿ ಇವನೇ ಇರಬೇಕು.

ಆದರೆ ನನ್ನ ಕೇಳಿದರೆ ಮಂಡ್ಯ ಸೀಮೆಯ ಅಸಲಿ ಟ್ಯಾಂಕು ಮನುಷ್ಯನಲ್ಲ, ನಾಯಿ. ಹೆಸರು ಕಾಳಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ ಅದರ ಕಥೆಯಿದೆ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗಾಗಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಮಣಲೆರ ಎಂಬ ವೀರ ಆ ಕಾಳಗದಲ್ಲಿ ಎದೆಗೊಟ್ಟು ಕಾದಿದ. ಮೆಚ್ಚಿ ಏನು ಬೇಕೋ ಕೇಳು ಅಂದರೆ ಆ ಮಹಾನುಭಾವ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆಮೇಲೆ ಆ ನಾಯಿಯನ್ನು ಬೆಟ್ಟದ ಹತ್ತಿರ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಗುಡಿಯ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೂ ನಾಯಿಯೂ ಮುಖಕ್ಕೆ ಮುಖ ಕೊಟ್ಟು ನಿಂತ ಕೆತ್ತನೆ ಅದರ ಮೇಲೆ.

ಹಂದಿ ಬೇಟೆ ಬಲ್ಲವರಿಗೆ ನಾಯಿಯ ಕೆಲಸ ಏನೆಂದು ಗೊತ್ತು. ಹಂದಿಯನ್ನು ಕೊಲ್ಲುವುದು ಈಟಿ ಹಿಡಿದ ಮನುಷ್ಯ. ಅವನು ಏದುಸಿರು ಬಿಟ್ಟುಕೊಂಡು ಬರುವ ತನಕ ಹಂದಿ ಓಡದಂತೆ, ಬಂದಮೇಲೆ ಅವನ ಕಡೆ ತಿರುಗದಂತೆ, ಎದುರಿಗೆ ಬೊಗಳುತ್ತ, ಕೆಣಕುತ್ತ, ಕೋರೆಗೆ ಸಿಗದೆ ಹಿಡಿದು ನಿಲ್ಲಿಸುವುದು ನಾಯಿ. ಅಗ್ರೋ ಹಿಡಿಯುವುದೆಂದರೆ ಇದೇ ಅಲ್ಲವೇ? ಕಾಳಿಯ ಕಥೆಯಲ್ಲಿ ಈಟಿಯವರು ತಡವಾಗಿ ಬಂದರೋ, ಬರಲೇ ಇಲ್ಲವೋ, ಶಾಸನ ಹೇಳುವುದಿಲ್ಲ. ಟ್ಯಾಂಕೊಂದಕ್ಕೆ ಕಲ್ಲು ನೆಡಿಸಿ ನಿತ್ಯಪೂಜೆಗೆ ಏರ್ಪಾಟು ಮಾಡಿದ ಜಿಲ್ಲೆ ಬೇರೆ ಎಲ್ಲಾದರೂ ಇದ್ದರೆ ತಿಳಿಸಿ.

ಇನ್ನೊಂದು ಪ್ರಸಂಗ ತೊಣ್ಣೂರಿನ ಮಗ್ಗುಲಲ್ಲೇ ನಡೆದದ್ದು. 1771ರ ಮಾರ್ಚ್‌ನಲ್ಲಿ ಹೈದರಾಲಿ ಮರಾಠರ ತ್ರಿಯಂಬಕರಾಯನ ಸೇನೆಗೆ ಎದುರಾಗಿ ಮೇಲುಕೋಟೆಯ ಗುಡ್ಡಗಳಲ್ಲಿ ಸಿಕ್ಕಿಕೊಂಡಿದ್ದ. ರಾತ್ರೋರಾತ್ರಿ ಸದ್ದಿಲ್ಲದೆ ಶ್ರೀರಂಗಪಟ್ಟಣ ಸೇರಿಬಿಡೋಣವೆಂದು ದಂಡು ಹೊರಟಿತು. ಕತ್ತಲಲ್ಲಿ ತನ್ನ ಕಡೆಯದೇ ಒಂದು ತೋಪು ಢಂ ಅಂದಿತಂತೆ. ಬೇಕೆಂದು ಹಾರಿಸಿದ್ದೋ ಕೈತಪ್ಪಿದ್ದೋ, ಜಗಳ ಇನ್ನೂ ಮುಗಿದಿಲ್ಲ. ಮರಾಠರು ಎದ್ದರು. ಚಿನಕುರಳಿಯ ಹತ್ತಿರ ಹೈದರನ ಸೇನೆ ಚೆಲ್ಲಾಪಿಲ್ಲಿಯಾಗಿ, ಅವನು ಪಟ್ಟಣಕ್ಕೆ ತಪ್ಪಿಸಿಕೊಂಡು ಹೋಗಬೇಕಾಯಿತು. ಇದನ್ನು ಹೇಳಿದ್ದೇ ತಡ, ಹುಡುಗ ಕುರ್ಚಿಯಿಂದ ಎದ್ದೇ ಬಿಟ್ಟ. “ನಮ್ ಟೀಮಲ್ಲೂ ಒಬ್ಬವ್ನೆ ಮಾವ! ನಾನ್ ಕೈ ಇಡಕ್ ಮುಂಚೇನೆ ಬಾಣ ಬುಟ್ಬುಡ್ತಾನೆ!” ಜಗತ್ತಿನ ಆಟಗಾರರಿಗೆಲ್ಲ ಇಂಥವನ ಪರಿಚಯವಿದೆ. 2005ರಲ್ಲಿ ಲೀರಾಯ್ ಜೆಂಕಿನ್ಸ್ ಎಂಬುವನ ವಿಡಿಯೊ ಬಂತು. ಗುಂಪೆಲ್ಲ ತಲೆ ಕೆಡಿಸಿಕೊಂಡು ತಂತ್ರ ಹೂಡುತ್ತಿರುವಾಗ ಇವನು ತನ್ನ ಹೆಸರನ್ನೇ ಕಿರುಚಿಕೊಂಡು ಒಳಗೆ ನುಗ್ಗುತ್ತಾನೆ, ಎಲ್ಲರೂ ಸಾಯುತ್ತಾರೆ. ಅದು ಬೇಕೆಂದೇ ಆಡಿದ ನಾಟಕವೆಂದು ಆಮೇಲೆ ತಿಳಿಯಿತು. ಚಿನಕುರಳಿಯದು ನಾಟಕವಾಗಿರಲಿಲ್ಲ.

ಇಂಥವನು ಗುಂಪಿನಲ್ಲಿದ್ದಾಗ ಏನು ಮಾಡಬೇಕು? ಬೈಯಬೇಕೆಂದು ಬಾಯಿ ತುರಿಸುತ್ತದೆ. ಅದರ ಬದಲು, ಟ್ಯಾಂಕಿನ ಬಳಿ ಟಾಂಟ್ ಎಂಬ ಒಂದು ಕೂಗು ಇರುತ್ತದೆ. ಕೂಗಿದರೆ ರಾಕ್ಷಸನ ಲೆಕ್ಕದಲ್ಲಿ ಇವನ ಹೆಸರು ಒಮ್ಮೆಲೇ ಮೇಲಿದ್ದವನ ಮಟ್ಟಕ್ಕೆ ಏರಿ, ಮೂರು ಸೆಕೆಂಡು ಆ ರಾಕ್ಷಸ ಇವನನ್ನೇ ಹೊಡೆಯುತ್ತಾನೆ. ಮತ್ತೆ ಕೂಗಬೇಕಾದರೆ ಹತ್ತು ಸೆಕೆಂಡು ಕಾಯಬೇಕು. ಸುಮ್ಮಸುಮ್ಮನೆ ಕೂಗಿದವನಿಗೆ, ನಿಜವಾಗಿ ಬೇಕಾದಾಗ ಕೂಗು ಇರುವುದಿಲ್ಲ. ದೊಡ್ಡ ಗುರಾಣಿಯ ವಿದ್ಯೆಗಳದೂ ಇದೇ ಹಾಡು. ಹೊಸಬರು ಗಾಬರಿಯಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಒತ್ತಿ, ಆಮೇಲೆ ಬರಿಗೈಲಿ ನಿಲ್ಲುತ್ತಾರೆ. ಬಲ್ಲವರು ಒಂದು ಮುಗಿದಮೇಲೆ ಇನ್ನೊಂದು ತೆಗೆಯುತ್ತಾರೆ, ಅದೂ ಜೀವ ಕೆಂಪಿಗಿಳಿದ ಮೇಲಲ್ಲ, ದೊಡ್ಡ ಏಟು ಬರುವ ಮೊದಲು.

ನಿಲ್ಲುವ ರೀತಿಯಲ್ಲೂ ಕಲೆಯಿದೆ. ಡ್ರ್ಯಾಗನ್ ಅಂದರೆ ಬಾಯಲ್ಲಿ ಬೆಂಕಿ, ಬಾಲದಲ್ಲಿ ಏಟು. ಅದರ ಮುಖವನ್ನು ಗುಂಪಿನಿಂದ ಆಚೆ ತಿರುಗಿಸಿ ನಿಲ್ಲಬೇಕು, ಉಳಿದವರು ಪಕ್ಕೆಯ ಕಡೆ ಇರಬೇಕು. ತಿರುಗಿಸಿದ ಮೇಲೆ ಅಲುಗಬಾರದು. ಟ್ಯಾಂಕು ಎರಡು ಹೆಜ್ಜೆ ಅತ್ತಿತ್ತ ಇಟ್ಟರೆ ಡ್ರ್ಯಾಗನ್ ತಿರುಗುತ್ತದೆ, ಅದರ ಜೊತೆ ಬೆಂಕಿಯೂ ತಿರುಗುತ್ತದೆ. ಹೊಸ ಟ್ಯಾಂಕುಗಳಿಗೆ ಕಾಲು ನಿಲ್ಲುವುದೇ ಇಲ್ಲ, ಕುಣಿಯುವುದೇ ಶೌರ್ಯ ಅಂದುಕೊಂಡಿರುತ್ತಾರೆ. ನಮ್ಮ ಕೆರೆಯ ಏರಿಯನ್ನು ನೋಡಿ ಕಲಿಯಬೇಕು. ಎರಡು ಗುಡ್ಡದ ನಡುವಿನ ಕಣಿವೆಗೆ ಅಡ್ಡ ನಿಂತಿದೆ ಅಷ್ಟೇ, ನೀರಿನ ಮೇಲೆ ಯುದ್ಧವನ್ನೇನೂ ಸಾರಿಲ್ಲ. ತಿರುಮಲಸಾಗರ ಎಂದು ಆಚಾರ್ಯರು ಹೆಸರಿಟ್ಟರೆನ್ನುತ್ತಾರೆ. 18ನೇ ಶತಮಾನದಲ್ಲಿ ಬಂದ ನಾಸಿರ್ ಜಂಗ್ ಮೋತಿ ತಲಾಬ್ ಎಂದು ಕರೆದ. ಹೊಗಳಿಕೆ ಎಲ್ಲ ನೀರಿಗೆ. ಏರಿಗೆ ಯಾರೂ ಹೆಸರಿಡಲಿಲ್ಲ.

ಬಹುಶಃ ಅದಕ್ಕೇ ಈ ಕೆಲಸಕ್ಕೆ ಜನ ಸಿಗುವುದಿಲ್ಲ. ಲೆಕ್ಕದ ಪ್ರಕಾರ ಐವರಲ್ಲಿ ಒಬ್ಬ ಸಾಕು, ಆ ಒಬ್ಬನಿಗೇ ಬರ. 2009ರ ಡಿಸೆಂಬರಿನಲ್ಲಿ ಕಂಪನಿಯವರು ಐದು ಜನರನ್ನು ತಾನಾಗಿ ಜೋಡಿಸಿಕೊಡುವ ವ್ಯವಸ್ಥೆ ಮಾಡಿದರು. ಹೊಡೆಯುವವರು ಸಾಲುಗಟ್ಟಿ ಕಾದರು, ಟ್ಯಾಂಕು ಬಂದರೆ ತಕ್ಷಣ ಬಾಗಿಲು ತೆರೆಯಿತು. 2011ರಲ್ಲಿ ಬೇರೆ ದಾರಿ ಕಾಣದೆ, ಯಾವ ಕೆಲಸಕ್ಕೆ ಜನ ಕಡಿಮೆಯೋ ಅದನ್ನು ವಹಿಸಿಕೊಂಡು ಬಂದವರಿಗೆ ಒಂದು ಚೀಲ ಉಡುಗೊರೆ ಕೊಡುತ್ತೇವೆ ಅಂದರು. ಲಂಚ ಅಂತಲೇ ಹೇಳಿ ಪರವಾಗಿಲ್ಲ. ಆ ಚೀಲ ಹೆಚ್ಚಾಗಿ ಸಂದದ್ದು ಟ್ಯಾಂಕುಗಳಿಗೇ, ಆದರೂ ಬರ ನೀಗಲಿಲ್ಲ.

ಜನ ಏಟಿಗೆ ಹೆದರುತ್ತಾರೆ ಅಂದುಕೊಂಡಿದ್ದೆ. ಆಟದ ಏಟು ಯಾರಿಗೆ ನೋಯುತ್ತದೆ? ಹೆದರುವುದು ಮಾತಿಗೆ. ಹೊಡೆಯುವ ಮೂವರಲ್ಲಿ ಒಬ್ಬ ಅರ್ಧ ನಿದ್ದೆಯಲ್ಲಿದ್ದರೂ ಗೊತ್ತಾಗುವುದಿಲ್ಲ. ಟ್ಯಾಂಕು ಒಂದು ಹೆಜ್ಜೆ ತಪ್ಪಿದರೆ ಐವರೂ ಸಾಯುತ್ತಾರೆ, ಎಲ್ಲರಿಗೂ ಕಾಣುತ್ತದೆ. ಜೊತೆಗೆ ದಾರಿ ಗೊತ್ತಿರಬೇಕಾದವನೂ ಅವನೇ. ಮುಂದೆ ನಡೆಯುವವನಿಗೆ ದಾರಿ ಗೊತ್ತಿರುತ್ತದೆಂದು ಯಾರು ಹೇಳಿದರೋ. ಊರಹಬ್ಬದ ಚಂದಾ ಲೆಕ್ಕ ಇಡಲು ಯಾರೂ ಮುಂದೆ ಬರದಿರುವುದಕ್ಕೂ ಇದೇ ಕಾರಣ. ಚಂದಾ ಎತ್ತಲು ಇಪ್ಪತ್ತು ಜನ ಸಿಗುತ್ತಾರೆ. ಆ ಪುಸ್ತಕ ಹಿಡಿದವನು ಮಾತ್ರ ಮುಂದಿನ ಹಬ್ಬದ ತನಕ ಸಿಕ್ಕವರಿಗೆಲ್ಲ ಉತ್ತರ ಹೇಳುತ್ತಿರಬೇಕು.

ಇದೇ ಆಟದ ಈಗಿನ ಹೊಸ ರೂಪದಲ್ಲಿ ಸಿಟ್ಟು ಹಿಡಿಯುವುದು ಸುಲಭವಾಗಿದೆಯಂತೆ. ಟ್ಯಾಂಕು ಒಂದು ಸಲ ಮುಟ್ಟಿದರೆ ಸಾಕು, ರಾಕ್ಷಸ ಬಿಡುವುದಿಲ್ಲ. ಬದಲಿಗೆ ಗಡಿಯಾರ ಬಂದಿದೆ: 2016ರಿಂದ ಮಿಥಿಕ್ ಪ್ಲಸ್ ಎಂಬ ಪಂದ್ಯ, ಇಂತಿಷ್ಟು ನಿಮಿಷದಲ್ಲಿ ಗವಿ ಮುಗಿಸಬೇಕು. ಟ್ಯಾಂಕುಗಳೆಲ್ಲ ಓಟಗಾರರಾಗಿದ್ದಾರೆ. ನನಗೆ ಅದು ಹಿಡಿಸಲಿಲ್ಲ. ಹಿಂದಿನವರು ಬಂದರೋ ಇಲ್ಲವೋ ಎಂದು ತಿರುಗಿ ನೋಡುವಷ್ಟು ಪುರುಸೊತ್ತಿಲ್ಲದ ಆಟ ಅಭಿಮನ್ಯುಗಳನ್ನೇ ತಯಾರು ಮಾಡುತ್ತದೆ. ಹಳೆಯ ಆಟವೇ ವಾಸಿ. ಮಂತ್ರಶಕ್ತಿ ಮತ್ತೆ ತುಂಬಲೆಂದು ಹೀಲರ್ ನೀರು ಕುಡಿಯಲು ಕೂತಳೆಂದರೆ ನಾಲ್ವರೂ ಅವಳ ಸುತ್ತ ನಿಂತು ಕಾಯುತ್ತಾರೆ. ಆ ಬಿಡುವಿನಲ್ಲಿ ಜರ್ಮನಿಯಲ್ಲಿ ಚಳಿ ಎಷ್ಟು, ತೊಣ್ಣೂರು ಕೆರೆ ಕೋಡಿ ಬಿತ್ತೇ ಎಂಬ ಮಾತೂ ಆಗುತ್ತದೆ.

ಟ್ಯಾಂಕು ಆಡಲು ಹೊರಟ ಹೊಸಬರಿಗೆ ನಮ್ಮ ಹುಡುಗ ಹೇಳುವುದು ಇಷ್ಟು: ಬಾಗಿಲಲ್ಲೇ “ನಾನು ಹೊಸಬ” ಅಂದುಬಿಡಿ, ಅರ್ಧ ಬೈಗುಳ ಅಲ್ಲೇ ಕಳೆಯುತ್ತದೆ. ಮೊದಲು ಪರಿಚಯದವರ ಜೊತೆ ಚಿಕ್ಕ ಗವಿಗೆ ಹೋಗಿ. ಸಾಧ್ಯವಾದರೆ ಒಂದಷ್ಟು ದಿನ ಹೀಲರ್ ಆಗಿ ಆಡಿ. ಹಿಂದೆ ನಿಂತವರಿಗೆ ಮುಂದಿನವನು ಹೇಗೆ ಕಾಣುತ್ತಾನೆಂದು ತಿಳಿಯದವನು ಮುಂದೆ ನಿಲ್ಲಬಾರದು. ಗುಂಪೆಲ್ಲ ಸತ್ತರೆ ಮೊದಲು ನೀವೇ “ಇನ್ನೊಂದ್ಸಲ ನೋಡಾಣ” ಅನ್ನಿ.

ಅಪ್ಪ ಅಮ್ಮಂದಿರಲ್ಲಿ ನನ್ನದೂ ಒಂದು ಅರಿಕೆ ಇದೆ. ಮಗ ಊಟಕ್ಕೆ ಏಳಲಿಲ್ಲವೆಂದು ವೈಫೈ ಸ್ವಿಚ್ಚಿಗೆ ಕೈ ಹಾಕುವ ಮುನ್ನ, ನೀನು ಆ ಗುಂಪಿನಲ್ಲಿ ಯಾರಪ್ಪಾ ಎಂದು ಕೇಳಿ. ಡಿಪಿಎಸ್ ಅಂದರೆ ಧಾರಾಳವಾಗಿ ಆರಿಸಿ, ನಷ್ಟವೇನೂ ಇಲ್ಲ. ಟ್ಯಾಂಕು ಅಂದರೆ ಒಂದು ಇಪ್ಪತ್ತು ನಿಮಿಷ ಕಾಯಿರಿ. ಮುದ್ದೆ ಆರಿದರೆ ಆರಲಿ, ಸಾರನ್ನು ಮತ್ತೆ ಬಿಸಿ ಮಾಡಬಹುದು.